ಒರಳ ಪಕ್ಕದಿಂದ ಬಂದ ದನಿ

ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೆಯ ಕ್ಯಾಸೆಟ್ಟುಗಳಿದ್ದವು. ಒಂದನ್ನು ಬಿಟ್ಟರೆ ಎಲ್ಲವೂ ಸಿನಿಮಾ ಹಾಡಿನವು. ಆ ಒಂದರಲ್ಲಿ ನಾನು, ನನ್ನ ಓರಗಿತ್ತಿ ಇಬ್ಬರೂ ಹಾಡಿದ ಸೋಬಾನೆ ಪದಗಳಿದ್ದವು. ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಅವಳು ಸತ್ತು ಬಹಳ ವರ್ಷವಾಯಿತು. ಅವಳು ಸಾಯುವ ಕಾಲಕ್ಕೆ ಮನೆಯಲ್ಲಿದ್ದ ಫೋನು ಮಾತಾಡುವುದಕ್ಕೆ ಬಿಟ್ಟರೆ ಇನ್ನೊಂದಕ್ಕೆ ಬರುತ್ತಿರಲಿಲ್ಲ. ಅವಳ ದನಿ ಈ ಭೂಮಿ ಮೇಲೆ ಎಲ್ಲಾದರೂ ಉಳಿದಿದ್ದರೆ ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಹಿಂದಿನದೆಲ್ಲ ಚಿನ್ನ, ಈಗಿನದೆಲ್ಲ ತಗಡು ಎನ್ನುವ ಪೈಕಿ ನಾನಲ್ಲ. ಆ ಟೇಪ್ ರೆಕಾರ್ಡರು ಕೊಟ್ಟಷ್ಟು ಕಾಟವನ್ನು ನನ್ನ ಅತ್ತೆಯೂ ಕೊಡಲಿಲ್ಲ. ಒಳ್ಳೆಯ ಹಾಡು ಬರುವ ಹೊತ್ತಿಗೆ ಸರಿಯಾಗಿ ರೀಲು ನುಂಗುತ್ತಿತ್ತು. ಅದನ್ನು ಎಳೆದು, ಸುಕ್ಕು ನೀವಿ, ಪೆನ್ಸಿಲು ತೂರಿಸಿ ಸುತ್ತಬೇಕು. ಬ್ಯಾಟರಿ ಇಳಿದರೆ ಹಾಡುವವರು ಗಂಡಸೋ ಹೆಂಗಸೋ ತಿಳಿಯದು, ಎಲ್ಲರೂ ಕೋಣ ಅರಚಿದ ಹಾಗೆ ಅರಚುತ್ತಿದ್ದರು. ಈಗ ಮೊಮ್ಮಗಳು ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು, ಬೇಕಾದ ಹಾಡು ಬರುತ್ತದೆ. ಮುದ್ದೆ ತೊಳಸುವಾಗ ನಾನೂ ಹಾಕಿಸಿಕೊಳ್ಳುತ್ತೇನೆ. ಆದರೆ ನನ್ನ ಓರಗಿತ್ತಿಯ ಪದ ಹಾಕು ಎಂದರೆ ಅದಕ್ಕೆ ಗೊತ್ತಿಲ್ಲ.

ಸೋಬಾನೆಗೆ ಒಂದು ಕ್ರಮವಿದೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಮಿಕ್ಕವರು ಅದೇ ಸೊಲ್ಲನ್ನು ತಿರುಗಿ ಹೇಳುತ್ತಾರೆ. ಅವರು ಹೇಳುವಷ್ಟರಲ್ಲಿ ಮೊದಲನೆಯವಳು ಉಸಿರು ತೆಗೆದುಕೊಂಡು ಮುಂದಿನದನ್ನು ನೆನಪು ಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಹಿರೀ ಸೊಸೆ ಎತ್ತಬೇಕು, ಕಿರಿಯವಳು ಹಿಂದೆ ಹೇಳಬೇಕು. ಹಿರೀ ಸೊಸೆ ನಾನು. ಆದರೆ ಚೆನ್ನಾಗಿ ಹಾಡುತ್ತಿದ್ದವಳು ಅವಳು. ಕೆರಗೋಡು ಕಡೆಯ ಹೆಣ್ಣು, ನಾಟಿಯ ಗದ್ದೆಯಲ್ಲಿ ಹಾಡಿ ಹಾಡಿ ಪಳಗಿದ ಗಂಟಲು. ಈ ಬದುವಿನಲ್ಲಿ ನಿಂತು ಹಾಡಿದರೆ ಆಚೆ ಬದುವಿನ ಎತ್ತು ಮೇಯುವುದು ಬಿಟ್ಟು ತಲೆ ಎತ್ತುತ್ತಿತ್ತು. ನಾನು ಸೊಲ್ಲು ಮರೆತರೆ ಅವಳೇ ಮೊದಲ ಮಾತನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದಳು. ಮದುವೆ ಮನೆಯಲ್ಲಿ ಹೊಗಳಿಕೆ ಮಾತ್ರ ನನಗೆ. ಎಲೆ ಅಡಿಕೆ ಮೊದಲು ನೀಡುತ್ತಿದ್ದದ್ದೂ ನನಗೇ.

ಮೈದುನ ಟೇಪ್ ರೆಕಾರ್ಡರು ತಂದ ವರ್ಷ ನಮ್ಮಿಬ್ಬರ ಪದ ತುಂಬಿಸುತ್ತೇನೆ ಎಂದು ಖಾಲಿ ಕ್ಯಾಸೆಟ್ಟನ್ನೂ ತಂದ. ನಾವಿದ್ದದ್ದು ಭಾರತೀನಗರಕ್ಕೆ ನಡೆದು ಹೋಗುವಷ್ಟು ಹತ್ತಿರದ ಊರು. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಗಾಡಿಗಳ ಸದ್ದು ನಿಂತ ಮೇಲೆ, ಮಧ್ಯಾಹ್ನ, ಹಜಾರದಲ್ಲಿ ಚಾಪೆ ಹಾಸಿ ಕೂತೆವು. ಎರಡು ಸೊಲ್ಲು ಹೇಳುವಷ್ಟರಲ್ಲಿ ಮೈದುನ ನಿಲ್ಲಿಸಿದ.

"ಅತ್ಗೆ, ಇವ್ಳು ಬಾಯಿ ತಗುದ್ರೆ ಈ ಕೆಂಪು ದೀಪ ಆರೋದೇ ಇಲ್ಲ. ಇವ್ಳ ದನಿ ಟೇಪು ತಡ್ಯಕಿಲ್ಲ, ಒಡ್ದೋಯ್ತದೆ."

ಒಂದು ಮಾರು ಹಿಂದಕ್ಕೆ ಕೂರಿಸಿದ್ದರೆ ಸಾಕಾಗಿತ್ತು. ನಾನು, "ಏನಮ್ಮಿ, ಎದ್ದೋಗಿ ಆ ಒರಳ್ ತಾವ ಕುಂತ್ಕ" ಎಂದೆ. ಒರಳು ಇದ್ದದ್ದು ಅಡುಗೆಮನೆಯ ಬಾಗಿಲಿನಾಚೆ.

"ಅಲ್ಲಿ ಕುಂತ್ಕಂಡು ಏನ್ ಮಾಡ್ಲಕ್ಕ? ಇಟ್ಟು ರುಬ್ಲಾ?"

"ರುಬ್ಬೋದು ಆಮ್ಯಾಕೆ. ಈಗ ಪದ ಯೋಳು."

"ಬುಡಕ್ಕ, ಬೀದಿಗೇ ಓಗ್ಬುಡ್ತೀನಿ. ಅಲ್ಲಿಂದ್ಲೂ ಕೇಳ್ತದೆ ನಿನ್ ಡಬ್ಬಕ್ಕೆ."

ಮೈದುನ ನಕ್ಕ. ನಾನು ನಗಲಿಲ್ಲ. ಅವಳು ಸೆರಗು ಕೊಡವಿಕೊಂಡು ಎದ್ದು ಹೋಗಿ ಒರಳ ಪಕ್ಕ ಕೂತಳು. ಅಲ್ಲಿಂದಲೇ ಎಂಟು ಪದಕ್ಕೂ ಹಿಂದೆ ಹೇಳಿದಳು.

ಆಮೇಲೆ ನೆಂಟರು ಬಂದಾಗಲೆಲ್ಲ ಆ ಕ್ಯಾಸೆಟ್ಟು ಹಾಕುತ್ತಿದ್ದೆವು. ನಾನು ಕೇಳುತ್ತಿದ್ದದ್ದು ನನ್ನ ದನಿಯನ್ನೇ. ಅವಳು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳಲ್ಲ, ಅವಳನ್ನು ಟೇಪಿನಲ್ಲಿ ಯಾರು ಹುಡುಕುತ್ತಾರೆ? ಕೊನೆಗೆ ಟೇಪ್ ರೆಕಾರ್ಡರು ಕೆಟ್ಟು ಗುಜರಿಗೆ ಹೋಯಿತು. ಮೈದುನ ಹೋದ. ಅವಳೂ ಹೋದಳು.

ಅವಳ ಮಗಳನ್ನು ಮಳವಳ್ಳಿಗೆ ಕೊಟ್ಟಿದೆ. ನನ್ನನ್ನು ದೊಡ್ಡವ್ವ ಎನ್ನುತ್ತಾಳೆ. ಈಚೆಗೆ ಒಂದು ದಿನ ಫೋನು ಮಾಡಿದವಳು ಅದೂ ಇದೂ ಮಾತಾಡುತ್ತ, "ದೊಡ್ಡವ್ವ, ಅವ್ವನ ಮೊಕ ಕಣ್ಮುಂದೆ ಬತ್ತದೆ ಕಣೆ. ದನಿ ಬರದು. ಎಷ್ಟು ಜ್ಞಾಪುಸ್ಕಂಡ್ರೂ ಬರದು" ಎಂದಳು. ಅವಳು ಫೋನಿಟ್ಟ ಮೇಲೆ ನಾನೂ ನೆನೆಸಿಕೊಂಡು ನೋಡಿದೆ. ಓರಗಿತ್ತಿ ಆಡಿದ ಮಾತು ಒಂದೊಂದೂ ನೆನಪಿದೆ, ಆದರೆ ಎಲ್ಲ ನನ್ನ ದನಿಯಲ್ಲೇ ಕೇಳಿಸಿತು. ಅಟ್ಟದಿಂದ ಡಬ್ಬಿ ಇಳಿಸಿದೆ.

ಮೊಮ್ಮಗಳು ಭಾರತೀನಗರದ ಕಾಲೇಜಿನಲ್ಲಿ ಓದುತ್ತಾಳೆ. ಮಂಡ್ಯದ ಗುತ್ತಲಿನಲ್ಲಿ ಒಬ್ಬರು ಹಳೆಯ ಕ್ಯಾಸೆಟ್ಟನ್ನು ಫೋನಿಗೆ ಹಾಕಿಕೊಡುತ್ತಾರೆ ಎಂದು ಪತ್ತೆ ಮಾಡಿ, ತೆಗೆದುಕೊಂಡು ಹೋಗಿ, ವಾರಕ್ಕೆಲ್ಲ ಮಾಡಿಸಿಕೊಂಡು ಬಂದಳು. ಮಳವಳ್ಳಿಗೂ ಬೇಕು ಎಂದಷ್ಟೇ ಹೇಳಿದ್ದೆ, ಯಾರ ದನಿಗಾಗಿ ಎಂದು ಹೇಳಿರಲಿಲ್ಲ; ನಾನು ಕೇಳುವ ಮುಂಚೆಯೇ ಅಲ್ಲಿಗೂ ಕಳಿಸಿಬಿಟ್ಟಿದ್ದಳು.

"ಕೇಳಜ್ಜಿ, ಎಷ್ಟು ಕ್ಲೀನಾಗದೆ! ಇಂದ್ಗಡೆ ಗಲಾಟೆ ಎಲ್ಲಾ ತಗ್ಸಿವ್ನಿ."

ಕೇಳಿದೆ. ನನ್ನ ದನಿ ಸ್ಟೀಲು ಲೋಟದ ಹಾಗೆ ಫಳಫಳ ಎನ್ನುತ್ತಿತ್ತು. ಒಂದು ಸೊಲ್ಲು ಹೇಳುತ್ತೇನೆ, ಸುಮ್ಮನಾಗುತ್ತೇನೆ. ಇನ್ನೊಂದು ಹೇಳುತ್ತೇನೆ, ಸುಮ್ಮನಾಗುತ್ತೇನೆ. ನಡುವೆ ಏನೂ ಇಲ್ಲ. ಎಂಟು ಪದವೂ ಹಾಗೇ.

"ನಿಮ್ಮ ಚಿಕ್ಕಜ್ಜಿ ಎಲ್ಲವ್ವ?"

"ಇದ್ರಲ್ಲಿ ನೀನೊಬ್ಳೇ ತಾನೆ ಆಡಿರದು?"

ಅಷ್ಟರಲ್ಲಿ ಮಳವಳ್ಳಿಯಿಂದ ಫೋನು ಬಂತು. ಓರಗಿತ್ತಿಯ ಮಗಳು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು, "ಬುಡು ದೊಡ್ಡವ್ವ, ಅವ್ವನ್ದು ಬಂದಿಲ್ಲ. ನಿಂದೇ ಅವ್ವನ ದನಿ ಅಂದ್ಕತೀನಿ" ಎಂದಳು.

ಮಾರನೆಯ ದಿನವೇ ಮೊಮ್ಮಗಳನ್ನು ಹೊರಡಿಸಿಕೊಂಡು ಮಂಡ್ಯದ ಬಸ್ಸು ಹತ್ತಿದೆ. ಗುತ್ತಲಿನ ಆ ಮನುಷ್ಯ ಐವತ್ತು ದಾಟಿದವನು. ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದನಂತೆ. ಈಗ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರು ಇಟ್ಟುಕೊಂಡಿದ್ದಾನೆ.

"ಗಲಾಟೆ ತಗುದ್ಯಂತಲ್ಲಪ್ಪ, ಆ ಗಲಾಟೆ ನಮ್ಮೋರಗಿತ್ತಿ ಕಣಪ್ಪ. ಎಲ್ಲಾಕಿದ್ದೀಯೆ ಅವಳ್ನ?"

ಅವನು ಮೊಮ್ಮಗಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು.

"ಇಂದ್ಗಡೆ ಸಣ್ದಾಗಿ ಏನೋ ಕೇಳ್ತಿತ್ತು ಕಣಮ್ಮ. ಪಕ್ಕದ್ಮನೆ ರೇಡಿಯೋ ಇರ್ಬೇಕು ಅನ್ಕಂಡೆ. ಕ್ಲೀನ್ ಮಾಡುದ್ಮೇಲೆ ಮೊದ್ಲಿಂದು ಅಳ್ಸಾಕ್ಬುಟ್ಟೆ."

"ಕ್ಯಾಸೆಟ್ ಐತಲ್ಲ. ಇನ್ನೊಂದ್ ದಪ ಓಡ್ಸು."

"ಮೊದ್ಲ್ ಸಾರೀನೇ ಕಿರ್ರ್ ಅಂತಿತ್ತು. ಇನ್ನೊಂದ್ಸಾರಿ ಓಡುದ್ರೆ ಕಿತ್ಕಂಡ್ರೂ ಕಿತ್ಕತ್ತದೆ. ಆಮೇಲೆ ನನ್ನ ಬಯ್ಬಾರ್ದು."

"ಬಯ್ಯಕಿಲ್ಲ. ಓಡ್ಸು."

ಕಂಪ್ಯೂಟರಿಗೂ ತುಂಬಿಕೊಳ್ಳುವ ಹಾಗೆ ಮಾಡಿ ನನ್ನ ಕಿವಿಗೆ ಹೆಡ್‌ಫೋನು ಹಾಕಿದ. ಮೊದಲು ಬರೀ ಸುರ್ ಎನ್ನುವ ಸದ್ದು. ಆಮೇಲೆ ನನ್ನ ದನಿ ಬಂದು ಹೊಡೆಯಿತು. ನಾನು ಸೊಲ್ಲು ಮುಗಿಸಿ ಸುಮ್ಮನಾದೆ. ಎಷ್ಟೋ ದೂರದಿಂದ, ಬಾವಿಯ ತಳದಿಂದ ಎನ್ನುವ ಹಾಗೆ, ಅವಳು ಹೇಳಿದಳು. ಒಡಕಿಲ್ಲ, ಒರಟಿಲ್ಲ. ಆ ದೊಡ್ಡ ಗಂಟಲು ನೂಲಿನಷ್ಟಾಗಿತ್ತು, ಆದರೆ ಅವಳೇ. ಎರಡನೆಯ ಪದದಲ್ಲಿ ನಾನು ಮರೆತು ನಿಂತಿದ್ದೇನೆ, ಒರಳ ಪಕ್ಕದಿಂದ ಅವಳು ಒಂದು ಮಾತು ಎತ್ತಿಕೊಟ್ಟಿದ್ದಾಳೆ, ನಾನು ನನಗೇ ನೆನಪಾಯಿತು ಎನ್ನುವ ಹಾಗೆ ಮುಂದುವರಿಸಿದ್ದೇನೆ. ನೆಂಟರ ಮುಂದೆ ಅಷ್ಟು ಸಲ ಹಾಕಿದರೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಮೂರು ಪದ ಓಡಿತು. ನಾಲ್ಕನೆಯದು ಶುರುವಾಗುವಾಗ ರೀಲು ಕಿತ್ತುಕೊಂಡಿತು. ಅವನು ಅಂಟಿಸಿ ನೋಡಿದ. ಮತ್ತೆ ಬೇರೆ ಕಡೆ ಕಿತ್ತುಹೋಯಿತು. ಮಾತು ಕೊಟ್ಟಿದ್ದೆನಲ್ಲ, ಬಯ್ಯಲಿಲ್ಲ. ಹೀಗಾಗಿ ನನ್ನ ದನಿ ಎಂಟು ಪದದಲ್ಲಿ ಉಳಿದಿದೆ, ಅವಳದು ಮೂರರಲ್ಲಿ.

"ಕ್ಲೀನ್ ಮಾಡ್ಕೊಡ್ಲಾ?" ಎಂದು ಕೇಳಿದ. ಮೊಮ್ಮಗಳೇ, "ಏನೂ ಮುಟ್ಬ್ಯಾಡಿ ಸಾರ್, ಅಂಗೇ ಕೊಡಿ" ಎಂದಳು.

ಬಸ್ಸಿನಲ್ಲಿ ಕೂತೇ ಮಳವಳ್ಳಿಗೆ ಕಳಿಸಿದಳು. ಮದ್ದೂರು ದಾಟುವಾಗ ಫೋನು ಬಂತು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಒಂದೇ ಮಾತು ಕೇಳಿದಳು.

"ದೊಡ್ಡವ್ವ, ಅವ್ವ ಯಾಕೆ ಅಷ್ಟು ದೂರ ಕುಂತವ್ಳೆ?"

ಅವಳ ದನಿ ದಪ್ಪ, ಟೇಪು ತಡೆಯುತ್ತಿರಲಿಲ್ಲ, ಕೆಂಪು ದೀಪ ಉರಿಯುತ್ತಿತ್ತು ಎಂದು ಹೇಳಬಹುದಾಗಿತ್ತು. ಅದು ಸುಳ್ಳೂ ಅಲ್ಲ. ಸತ್ತವಳ ಮೇಲೆ ಹೊರಿಸಿದರೆ ಕೇಳುವವರು ಯಾರು?

"ನಾನೇ ಕೂರ್ಸಿದ್ದು ಕಣವ್ವ" ಎಂದೆ. "ಒಂದ್ ಮಾರು ಇಂದಕ್ಕೆ ಕೂರ್ಸುದ್ರೆ ಸಾಕಾಗಿತ್ತು. ನಾನು ಒರಳ್ ತಾವ್ಕೆ ಅಟ್ಟಿದ್ದೆ. ಅವ್ಳು ನನ್ಗಿಂತ ಚೆಂದಾಗಿ ಆಡ್ತಿದ್ಲು."

ಆ ಕಡೆ ಕುಕ್ಕರು ಕೂಗಿದ ಸದ್ದು ಕೇಳಿತು.

"ಇನ್ನೊಂದ್ಸಾರಿ ಕೇಳ್ತೀನಿ. ಮಡುಗ್ತೀನಿ ದೊಡ್ಡವ್ವ" ಎಂದು ಇಟ್ಟಳು.

ಆಮೇಲೆ ಎಷ್ಟೋ ಸಲ ಫೋನು ಮಾಡಿದ್ದಾಳೆ. ಮಳೆ ಬಂತಾ, ಮಂಡಿ ನೋವು ಹೇಗಿದೆ ಎಂದೆಲ್ಲ ಕೇಳುತ್ತಾಳೆ. ಆ ಮಾತು ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಮೊಮ್ಮಗಳು ನನಗೊಂದು ಹೆಡ್‌ಫೋನು ಕೊಡಿಸಿದ್ದಾಳೆ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಮೂರು ಪದವನ್ನೂ ಕೇಳುತ್ತೇನೆ. ಓರಗಿತ್ತಿ ಕೇಳಿಸಬೇಕಾದರೆ ದನಿಯನ್ನು ಕೊನೆಯವರೆಗೆ ಏರಿಸಬೇಕು. ಹಾಗೆ ಏರಿಸಿದರೆ ನನ್ನ ದನಿ ಬಂದು ಕಿವಿಗೆ ಬಡಿಯುತ್ತದೆ, ತಲೆ ಧಿಮ್ಮೆನ್ನುತ್ತದೆ. ಅದು ಮುಗಿಯುವ ತನಕ ಹಲ್ಲು ಕಚ್ಚಿಕೊಂಡು ಕಾಯುತ್ತೇನೆ. ಆಮೇಲೆ ಅವಳು ಹೇಳುತ್ತಾಳೆ.