ನಾರ್ಮಲ್ ಬಿಪಿ, ಹಿಡಿದ ಉಸಿರು

ಸಿಂಗಾಪುರ ಬಡಾವಣೆಯ ನಮ್ಮ ಬೀದಿಯ ಕೊನೆಮನೆ ತಾರಸಿಯಲ್ಲಿ ಬೆಳಿಗ್ಗೆ ಪ್ರಾಣಾಯಾಮ ಶುರುವಾದಾಗ ಓರಗಿತ್ತಿಯನ್ನು ನಾನೇ ಹೊರಡಿಸಿದೆ. ಒಂದೇ ಮನೆಯಲ್ಲಿ ಅವಳು ಮೇಲೆ, ನಾನು ಕೆಳಗೆ. ಹಾಲು ತರುವುದಕ್ಕೂ ಜೊತೆಗೇ ಹೋಗುತ್ತೇವೆ. ಬಿಪಿ ಇರುವವರು, ಹೃದಯದ ತೊಂದರೆಯವರು, ಬಸುರಿಯರು ಕೈ ಎತ್ತಿ, ನಿಮಗೆ ಬೇರೆ ಹೇಳಿಕೊಡುತ್ತೇನೆ ಎಂದು ಕಲಿಸುವ ಮೇಷ್ಟ್ರು ಮೊದಲ ದಿನವೇ ಹೇಳಿದರು. ಅವಳು ಎತ್ತಲಿಲ್ಲ. ಮೊಣಕೈಯಿಂದ ತಿವಿದೆ.

"ಮೊನ್ನೆ ತಾನೇ ಚೆಕ್ ಮಾಡ್ಸಿದೀನಿ ಅಕ್ಕ, ನಾರ್ಮಲ್ ಇದೆ. ಇಲ್ದೇ ಇರೋ ಕಾಯಿಲೆಗೆ ಯಾಕೆ ಕೈ ಎತ್ಲಿ?"

ಅದೂ ಸರಿ ಅನ್ನಿಸಿತು. ಅವಳು ದಿನಾ ಬಿಪಿ ಮಾತ್ರೆ ನುಂಗುವುದು ಗೊತ್ತು, ರಿಪೋರ್ಟಿನಲ್ಲಿ ನಾರ್ಮಲ್ ಎಂದಿದ್ದುದೂ ಗೊತ್ತು. ಹಾಗಾದರೆ ಬಿಪಿ ಇದೆಯೋ ಇಲ್ಲವೋ? ಅಷ್ಟು ಜನರ ಮುಂದೆ ಕೇಳಲು ಸಂಕೋಚವಾಯಿತು.

ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು ಮೇಷ್ಟ್ರು. ಅವಳ ಮಾತ್ರೆಯೋ ತಿಂಡಿಯಾದ ಮೇಲೆ. ಪ್ರಾಣಾಯಾಮ ಮುಗಿದು, ಸ್ನಾನವಾಗಿ, ದೇವರಿಗೆ ದೀಪ ಹಚ್ಚದೆ ಅವಳು ತಿಂಡಿ ಮುಟ್ಟುವವಳಲ್ಲ. ಮಾತ್ರೆ ದಿನದಿನಕ್ಕೂ ತಡವಾಗುತ್ತ ಹೋಗಿ, ಒಂದು ಗುರುವಾರ ಮರೆತೇಹೋಯಿತು.

ಮಾರನೆಯ ದಿನ ಉಸಿರು ಹಿಡಿದು ನಿಲ್ಲಿಸುವ ಪಾಠ. ಎಲ್ಲರೂ ಬಿಟ್ಟರೂ ಇವಳು ಹಟ ಹಿಡಿದು ಕೂತಿದ್ದಳು. ಆಮೇಲೆ ಹಾಗೇ ನನ್ನ ಮೇಲೆ ವಾಲಿದಳು. ಮುಖ ಬಿಳಿಚಿಕೊಂಡಿತ್ತು. ನೀರು ಕುಡಿಸಿ ಎಂದರು ಒಬ್ಬರು, ಕೂಡದು ಎಂದರು ಇನ್ನೊಬ್ಬರು. ಜೋರಾಗಿ ಉಸಿರೆಳೆದುಕೋ ಎಂದು ನಾನು. ಮೇಷ್ಟ್ರು ಎಲ್ಲರನ್ನೂ ಸುಮ್ಮನಾಗಿಸಿ ಅವಳನ್ನು ಮಲಗಿಸಿದರು, ಉಸಿರು ತಾನಾಗಿ ಬರಲಿ ಬಿಡಿ ಎಂದರು.

ಮೈದುನ ಆಟೋ ತಂದ. ಡಾಕ್ಟರಮ್ಮ ಬಿಪಿ ನೋಡಿ, ಏರಿದೆ ಎಂದು ಹುಬ್ಬು ಗಂಟಿಕ್ಕಿದರು. ನಾರ್ಮಲ್ ಇತ್ತಲ್ಲ ಎಂದು ಇವಳು ಅಲ್ಲೂ ವಾದಿಸಿದಳು. ದೇವರ ದೀಪವಾಗದೆ ತಿಂಡಿಯಿಲ್ಲ, ತಿಂಡಿಯಾಗದೆ ಮಾತ್ರೆಯಿಲ್ಲ, ನಿನ್ನೆಯದು ಮರೆತೇಹೋಗಿದೆ ಎಂದು ನಾನು ಹೇಳಿಬಿಟ್ಟೆ.

"ಮಾತ್ರೆಯಿಂದ ನಾರ್ಮಲ್ ಇತ್ತು ಕಣಮ್ಮ. ನಿಮಗೆ ಬಿಪಿ ಇದ್ದೇ ಇದೆ. ಉಸಿರು ಹಿಡಿಯೋದು, ಜೋರಾಗಿ ಬಿಡೋದು ಎರಡೂ ಬೇಡ. ನಿಧಾನಕ್ಕೆ ಉಸಿರಾಡಿ, ತಲೆ ಸುತ್ತಿದ್ರೆ ಅಲ್ಲಿಗೇ ನಿಲ್ಸಿ. ಮಾತ್ರೆ ಹೊತ್ತು ತಪ್ಪಿಸ್ಬೇಡಿ. ದೇವ್ರು ಕಾಯ್ತಾನೆ, ಬಿಪಿ ಕಾಯಲ್ಲ."

ಕೆಲವು ದಿನ ಬಿಟ್ಟು, ಡಾಕ್ಟರಮ್ಮ ಒಪ್ಪಿದ ಮೇಲೆ, ಮತ್ತೆ ಹೊರಟಳು. ಈಗ ಗೋಡೆಗೆ ಒರಗಿ ಮೆಲ್ಲಗೆ ಉಸಿರಾಡುತ್ತಾಳೆ. ಇಷ್ಟಕ್ಕೆ ಇಲ್ಲಿಗೆ ಯಾಕೆ ಬರಬೇಕು, ಮನೆಯಲ್ಲೂ ಉಸಿರಾಡುತ್ತೇನಲ್ಲ ಎಂದು ನನ್ನನ್ನು ಕೇಳುತ್ತಾಳೆ. ಕಣ್ಣು ಮುಚ್ಚಿ ಎಂದು ಮೇಷ್ಟ್ರು ಹೇಳಿದಾಗ ಮುಚ್ಚುತ್ತೇನೆ, ಮತ್ತೆ ತೆರೆದು ಅವಳ ಮುಖ ನೋಡುತ್ತೇನೆ. ಇದನ್ನು ಪ್ರಾಣಾಯಾಮ ಅನ್ನಬಹುದೋ ಇಲ್ಲವೋ, ನನಗಂತೂ ತಿಳಿಯದು.