ಓಬಳೆಪ್ಪನ ಅರಬ್ಬಿ

ನನ್ನ ತಂಗಿ ದುರಗಮ್ಮನ ಗಂಡ ಓಬಳೆಪ್ಪ ನವಲಿಯ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಕೂತವನು. ಕೂತವನು ಎಂದೆ, ಕಲಿತವನು ಎನ್ನಲಿಲ್ಲ. ಒತ್ತಕ್ಷರ ಕಂಡರೆ ಇವತ್ತಿಗೂ ಅದನ್ನು ದಾಟಿಕೊಂಡು ಮುಂದೆ ಹೋಗುತ್ತಾನೆ. ಇಂಥವನು ಮಸ್ಕತ್ತಿಗೆ ಹೋಗಿ ಮೂರು ವರ್ಷದಲ್ಲಿ ಅರಬ್ಬಿ ಕಲಿತು ಬಂದ ಎಂದು ಗಂಗಾವತಿಯ ಅರ್ಧ ಊರು ನಂಬಿತ್ತು. ಉಳಿದರ್ಧ ಊರಿಗೆ ಅವನೇ ಹೋಗಿ ಹೇಳಿ ಬಂದಿದ್ದ.

ನಾನು ಕಸ್ತೂರೆಮ್ಮ, ಇಲ್ಲಿಯ ಕನ್ನಡ ಶಾಲೆಯ ಟೀಚರು. ಹಿಂದಿ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ನಪಾಸಾದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓಬಳೆಪ್ಪನೇ ಬಂದು ಹೇಳುತ್ತಾನೆ.

ಎಪ್ಪತ್ತೆಂಟರಲ್ಲಿ ಅವನು ಹೊರಟಾಗ ನಮ್ಮೂರಿನ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಮಸ್ಕತ್ತಿನ ಹೊರಗೆ ಸಿಮೆಂಟ್ ಇಟ್ಟಿಗೆ ಮಾಡುವ ಕಾರ್ಖಾನೆಗೆ ಜನ ಬೇಕಾಗಿತ್ತಂತೆ. ಹೆಂಡತಿಯನ್ನೂ ಎರಡು ಮಕ್ಕಳನ್ನೂ ನನ್ನ ಮನೆಯಲ್ಲಿ ತಂದಿಳಿಸಿ, ನನ್ನ ಮುಖ ಕೂಡ ಸರಿಯಾಗಿ ನೋಡದೆ ಬಸ್ಸು ಹತ್ತಿದ. ಎಂಬತ್ತೊಂದರಲ್ಲಿ ಕಪ್ಪು ಕನ್ನಡಕ, ಟೇಪ್‌ರೆಕಾರ್ಡರು, ಮೂಗಿಗೆ ಬಡಿಯುವಂಥ ಅತ್ತರಿನ ವಾಸನೆಯೊಂದಿಗೆ ಬಂದಿಳಿದ. ನನ್ನ ಮನೆಯಲ್ಲೇ ಉಳಿದು ಮತ್ತೆ ಅದೇ ಮಿಲ್ಲಿಗೆ ಸೇರಿದ. ಆದರೆ ಬಾಯಿ ಮಾತ್ರ ಹಳೆಯದಾಗಿ ಉಳಿದಿರಲಿಲ್ಲ.

ಬಂದ ಮರುದಿನ ನನ್ನೆದುರು ಒಂದು ಪುಸ್ತಕ ಇಟ್ಟ. ಸಿಮೆಂಟ್ ಚೀಲದ ಕಾಗದ ಕತ್ತರಿಸಿ, ಗೋಣಿ ಹೊಲಿಯುವ ದಾರದಿಂದ ಹೊಲಿದದ್ದು. ಒಳಗೆ ಸೊಟ್ಟ ಕನ್ನಡ ಅಕ್ಷರದಲ್ಲಿ ನೂರಾರು ಮಾತು ಬರೆದುಕೊಂಡಿದ್ದ. ನೀರಿಗೆ ವೆಳ್ಳಂ, ಅನ್ನಕ್ಕೆ ಚೋರು, ಹೀಗೆ ಪುಟಗಟ್ಟಲೆ.

“ಮೊದಲ ಆರು ತಿಂಗಳು ಮೂಗನಂಗ ಇದ್ನಿರಿ ಅಕ್ಕಾ,” ಎಂದ. “ಹಸಿವಾದ್ರ ಹೊಟ್ಟಿ ತೋರಸ್ತಿದ್ದೆ. ಕೋಯಾ ಅಂತ ಅಡಗಿಯವ ಇದ್ದ. ಅವನ ಕೂಡ ಕುಂತು ಉಳ್ಳಾಗಡ್ಡಿ ಹೆಚ್ಚಿ ಕೊಟ್ಟು ದಿನಾ ಹತ್ತು ಮಾತು ಕಲ್ತೆ. ಅಂಗಡಿಯವ, ಹಾಜರಿ ಬರಿಯಾವ, ಹಜಾಮ, ಎಲ್ಲಾರೂ ಅದ ಮಾತಾಡ್ತಿದ್ರು. ಹತ್ತು ವರ್ಷ ಅಲ್ಲೇ ಇದ್ದ ಮಂದಿರಿ, ಆ ನಾಡಿನ ಭಾಷಾ ಬಾಯಾಗ ಕುಂತಿತ್ತು.”

“ಮತ್ತ ಅರಬರು?”

“ಸೇಠ ತಿಂಗಳಿಗೊಮ್ಮಿ ಕಾರಿನಾಗ ಬಂದು ಕಾರಿನಾಗ ಹೋಗ್ತಿದ್ದ. ಕಿಟಕಿ ಗಾಜು ಸೈತ ಇಳಸ್ತಿದ್ದಿಲ್ಲ.”

ನಾನು ಕೆಂಪು ಶಾಯಿಯ ಪೆನ್ನು ತೆಗೆದು ಅವನ ಪುಸ್ತಕದ ಕನ್ನಡದ ತಪ್ಪುಗಳನ್ನೆಲ್ಲ ತಿದ್ದಿ ಕೊಟ್ಟೆ. ಅವನು ಬೇಜಾರೂ ಮಾಡಿಕೊಳ್ಳಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅಲ್ಲಿಂದ ಅವನ ದರ್ಬಾರು ಶುರುವಾಯಿತು. ಬೆಳಗಾಗೆದ್ದು ಮಕ್ಕಳನ್ನು “ಸುಖಮಾಣೋ” ಎಂದು ಕೇಳುವುದು. ಅರಬ್ಬಿಯಲ್ಲಿ ಸುಖ ಎಲ್ಲಿಂದ ಬಂತು ಎಂದು ಕೇಳಿದರೆ, “ಸುಖಕ್ಕ ಯಾವ ದೇಶರಿ ಅಕ್ಕಾ,” ಎಂದು ನನಗೇ ಪಾಠ ಹೇಳಿದ. ಮಸೀದಿಯ ಮೌಲ್ವಿಗಳು ಒಮ್ಮೆ ಇಂಥ ಅರಬ್ಬಿ ತಾವು ಕೇಳಿಲ್ಲ ಎಂದಾಗ, “ನಿಮ್ಮದು ಕಿತಾಬಿನ ಅರಬ್ಬಿ, ನಮ್ಮದು ಬಜಾರದ ಅರಬ್ಬಿ,” ಎಂದು ಅವರ ಬಾಯನ್ನೂ ಮುಚ್ಚಿಸಿದ. ನನಗಂತೂ ನೆಂಟರ ಮುಂದೆ, “ಅಕ್ಕಾಗ ಒಂದು ಹಿಂದಿ ದಕ್ಕಲಿಲ್ಲ ನೋಡ್ರಿ,” ಎಂದ. ಅನ್ನ ಹಾಕಿದ ಮನೆಯಲ್ಲೇ ಕೂತು ಈ ಮಾತು.

ನಮ್ಮ ಓಣಿಯ ಹಸನಬೀಯ ಒಬ್ಬನೇ ಮಗ ಟಿಪ್ಪುಸಾಬ ಎಂಬತ್ತೆರಡರಲ್ಲಿ ಅದೇ ಕಾರ್ಖಾನೆಗೆ ಹೋದ. ಚೀಟಿ ಕೊಟ್ಟು ಕಳಿಸಿದವನು ಓಬಳೆಪ್ಪ. ಹೋಗುವ ಮೊದಲು ಎರಡು ತಿಂಗಳು ಕೂರಿಸಿಕೊಂಡು ಅರಬ್ಬಿ ಕಲಿಸಿದವನೂ ಅವನೇ. ಟಿಪ್ಪುಸಾಬನ ಮೊದಲ ಕಾಗದ ಬಂದಾಗ ಹಸನಬೀಗೆ ಓದಿ ಹೇಳಿದವಳು ನಾನು. ‘ಓಬಳೆಪ್ಪ ಕಾಕಾನ ಅರಬ್ಬಿ ಭಾಳ ಉಪಯೋಗಕ್ಕ ಬಂತು, ಎಲ್ಲಾರಿಗೂ ತಿಳಿತೈತಿ’ ಎಂದು ಬರೆದಿತ್ತು. ಓಬಳೆಪ್ಪ ಆ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಓಣಿಯೆಲ್ಲ ತಿರುಗಿದ.

ಹಸನಬೀ ಒಳ್ಳೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಿಲ್ಲಿನಲ್ಲಿ ಅಕ್ಕಿ ಕೇರಿ ಮಗನನ್ನು ಬೆಳೆಸಿದವಳು. ರಮಜಾನ್ ಹಬ್ಬಕ್ಕೆ ಸುರಕುಂಬ, ಅಂದರೆ ಹಾಲಿನ ಶಾವಿಗೆ ಪಾಯಸ, ಮಾಡಿದರೆ ಮೊದಲ ಬಟ್ಟಲು ಅಕ್ಕೋರ ಮನೆಗೆ, ಅಂದರೆ ನನ್ನ ಮನೆಗೆ.

ಎಂಬತ್ತಮೂರರ ದೀಪಾವಳಿಯ ಮುಂದೆ ಓಬಳೆಪ್ಪ ಮಗಳಿಗೆ ಜ್ವರ ಬಂದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಿದ್ದ. ಅಲ್ಲಿ ಕೇರಳದಿಂದ ಹೊಸದಾಗಿ ಬಂದ ನರ್ಸಮ್ಮ ಒಬ್ಬಳಿದ್ದಳು. ಸೂಜಿಗೆ ಅಂಜಿ ಅಳುವ ಮಗಳನ್ನು ಇವನು ತನ್ನ ಅರಬ್ಬಿಯಲ್ಲಿ ಸಮಾಧಾನ ಮಾಡಿದ್ದು ಅವಳ ಕಿವಿಗೆ ಬಿದ್ದಿದೆ. ಅವಳು ಏನೋ ಕೇಳುವಷ್ಟರಲ್ಲಿ ಇವನು ಹೋಗಿಬಿಟ್ಟಿದ್ದ. ಮರುವಾರ ಶಾಲೆಗೆ ಲಸಿಕೆ ಹಾಕಲು ಬಂದಾಗ ನನ್ನನ್ನು ಕೇಳಿದಳು: “ಟೀಚರ್, ನಿಮ್ಮ ತಂಗಿಯ ಗಂಡ ನಮ್ಮ ಮಲಯಾಳ ಎಷ್ಟು ಚೆನ್ನಾಗಿ ಮಾತಾಡುತ್ತಾರೆ, ಕೇರಳದಲ್ಲಿ ಎಲ್ಲಿದ್ದರು?”

ನಾನು ಅವತ್ತು ಮಧ್ಯಾಹ್ನದ ಊಟ ಬಿಟ್ಟು ನಕ್ಕೆ. ಈ ಮಹಾನುಭಾವ ಸಮುದ್ರ ದಾಟಿ, ಮೂರು ವರ್ಷ ಬಿಸಿಲಲ್ಲಿ ಬೆಂದು, ಉಳ್ಳಾಗಡ್ಡಿ ಹೆಚ್ಚಿ, ಕಷ್ಟಪಟ್ಟು ಮಂಗಳೂರಿನ ಆಚೆಯ ಭಾಷೆ ಕಲಿತು ಬಂದಿದ್ದ. ಊರಿಗೆಲ್ಲ ಅದನ್ನೇ ಅರಬ್ಬಿ ಎಂದು ಉಣಬಡಿಸಿದ್ದ. ಮನೆಗೆ ಹೋಗಿ ಹೇಳಬೇಕೆಂದುಕೊಂಡೆ, ಆದರೆ ಹೇಳಲಿಲ್ಲ. ಮನೆಯೊಳಗೆ ಹೇಳಿದರೆ ನಗುವವರು ಯಾರು? ನಾಲ್ಕು ಜನ ಕೂಡಿದ ದಿನಕ್ಕೆಂದು ಇಟ್ಟುಕೊಂಡೆ.

ಸಂಕ್ರಾಂತಿಯ ನಂತರ ಟಿಪ್ಪುಸಾಬನ ಕಾಗದಗಳು ನಿಂತವು. ಫೆಬ್ರವರಿಯಲ್ಲಿ ಒಂದು ಹಾಳೆ ಬಂತು, ಪೂರ್ತಿ ಅರಬ್ಬಿ, ಕೆಳಗೆ ಮೊಹರು. ಮೌಲ್ವಿಗಳು ಮಗನ ಹೆಸರನ್ನೂ ದವಾಖಾನೆ ಎಂಬ ಮಾತನ್ನೂ ಒಂದು ಫೋನ್ ನಂಬರನ್ನೂ ಗುರುತಿಸಿದರು. ಉಳಿದದ್ದರ ಅರ್ಥ ತಮಗೆ ಬರುವುದಿಲ್ಲ, ಹೈದರಾಬಾದಿಗೆ ಯಾರನ್ನಾದರೂ ಕಳಿಸಿ ಓದಿಸಿರಿ ಎಂದರು. ಹಸನಬೀ ನೇರ ನಮ್ಮ ಮನೆಗೆ ಬಂದಳು.

“ನನಗ ಓದಾಕ ಬರಂಗಿಲ್ಲ ಚಿಗವ್ವಾ, ಮಾತಾಡಾಕ ಬರ್ತೈತಿ,” ಎಂದ ಓಬಳೆಪ್ಪ. “ಹೈದರಾಬಾದ ಯಾಕ? ಫೋನ್ ಹಚ್ಚೋಣು. ನಾ ಕೇಳ್ತೀನಿ.”

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಬೇಕಾದ ಹೊತ್ತು ಅದು. ಬಿಡಲಿಲ್ಲ. ಫೋನು ಇರುವುದು ಮಿಲ್ಲಿನ ಆಫೀಸಿನಲ್ಲಿ, ಅಲ್ಲಿ ಜನ ಕೂಡುತ್ತಾರೆ ಎಂದಷ್ಟೇ ನನ್ನ ತಲೆಗೆ ಹೊಳೆಯಿತು.

ಮುಂಬಯಿ ಮೂಲಕ ಕಾಲ್ ಸಿಗಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನವೂ ಹಸನಬೀ ಕೆಲಸ ಮುಗಿಸಿ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು. ಓಬಳೆಪ್ಪ ಅವಳೆದುರು ಏನೇನು ಕೇಳಬೇಕೆಂದು ಪಾಠ ಒಪ್ಪಿಸುತ್ತಿದ್ದ. ನಾನು ಅವಳಿಗೆ ಚಹಾ ಕೊಡುತ್ತಿದ್ದೆ.

ಹತ್ತನೇ ದಿನ, ಎಕ್ಸ್‌ಚೇಂಜಿನವರು ಮೊದಲೇ ಹೇಳಿದ್ದ ಹನ್ನೊಂದು ಗಂಟೆಗೆ, ಫೋನು ರಿಂಗಾಯಿತು. ಸದ್ದಾಗಬಾರದೆಂದು ಸಾಹುಕಾರರು ಮಿಲ್ಲನ್ನೇ ನಿಲ್ಲಿಸಿದ್ದರು. ಹಮಾಲರು, ಅಕ್ಕಿ ಕೇರುವ ಹೆಂಗಸರು ಬಾಗಿಲಲ್ಲಿ ತುಂಬಿದ್ದರು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಮುಂದಿನ ಕುರ್ಚಿ ಹಿಡಿದಿದ್ದೆ. ಮದುವೆಗೆ ಉಡುವ ಸೀರೆ ಉಟ್ಟು ಹೋಗಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಆ ಕಡೆಯಿಂದ ಗಂಡು ದನಿ ಏನೋ ಅಂದಿತು. ಓಬಳೆಪ್ಪ ದೊಡ್ಡದಾಗಿ ತನ್ನ ಭಾಷೆ ಶುರು ಮಾಡಿದ. ಆ ದನಿ ಇನ್ನೇನೋ ಅಂದಿತು. ಇವನು ಮತ್ತೆ ಹೇಳಿದ, ಬಿಡಿಸಿ ಬಿಡಿಸಿ ಹೇಳಿದ. ಅವನ ಮುಖ ಇಳಿಯತೊಡಗಿತು. ನನಗೆ ಖುಷಿಯಾಯಿತು. ಖರೇ ಹೇಳುತ್ತೇನೆ, ಆ ಗಳಿಗೆಯಲ್ಲಿ ಭಾಳ ಖುಷಿಯಾಯಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಸನಬೀಯನ್ನು ನೋಡಿದೆ. ಅವಳು ಟೆಲಿಫೋನಿನ ವೈರನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಳು.

ಓಬಳೆಪ್ಪ ಈಗ ಕೂಗುತ್ತಿದ್ದ. ಅದರಲ್ಲಿ ನನಗೆ ತಿಳಿದದ್ದು ‘ಅಮ್ಮ’ ಎಂಬುದೊಂದೇ ಮಾತು. ಅಮ್ಮ, ಅಮ್ಮ ಎಂದು ಅದನ್ನೇ ಹತ್ತು ಸಲ ಅಂದ. ಆಮೇಲೆ ಒಮ್ಮೆಲೇ ರಿಸೀವರನ್ನು ಕಿವಿಗೆ ಒತ್ತಿಕೊಂಡ. ಆ ಕಡೆ ಯಾರೋ ಹೆಣ್ಣುಮಗಳು ಫೋನು ತೆಗೆದುಕೊಂಡಿದ್ದಳು. ಇಬ್ಬರೂ ಗಡಗಡ ಮಾತಾಡತೊಡಗಿದರು. ಅವಳು ಕೇಳಿಬರುತ್ತೇನೆಂದು ಹೋದಳು, ಬಂದಳು. ಓಬಳೆಪ್ಪನ ಕಣ್ಣಲ್ಲಿ ನೀರು.

“ಅದಾನಂತ ಚಿಗವ್ವಾ. ಮ್ಯಾಲಿಂದ ಬಿದ್ದು ಕಾಲು ಮುರದೈತಂತ, ಆಪರೇಷನ್ ಮಾಡ್ಯಾರಂತ. ಎರಡು ತಿಂಗಳಿಗೆ ಮನಿಗೆ ಕಳಸ್ತಾರಂತ.”

ಕೊನೆಗೆ ಅವನು ಆ ಹೆಣ್ಣುಮಗಳನ್ನು ಇನ್ನೊಂದು ಮಾತು ಕೇಳಿದ. ಉತ್ತರ ಕೇಳಿ, ಮೆಲ್ಲಗೆ ಫೋನು ಇಟ್ಟ.

“ಅರಬ್ಬಿ ಅಂದ್ರ ಇದಪ್ಪ,” ಎಂದರು ಸಾಹುಕಾರರು.

“ಅಲ್ರಿ,” ಎಂದ ಓಬಳೆಪ್ಪ. “ಫೋನಿನಾಗ ಮಾತಾಡಿದ ನರ್ಸಮ್ಮ ಕೇರಳದಾಕಿ ಅಂತ. ಇದು ಮಲಯಾಳ ಅಂತ. ಮೊದಲನೇದವಂದು ಅರಬ್ಬಿ, ಅದರಾಗ ನನಗ ಒಂದಕ್ಷರ ತಿಳೀಲಿಲ್ಲ.”

ಯಾರೋ ಕಿಸಕ್ಕೆಂದರು. ಆಮೇಲೆ ಮಿಲ್ಲೇ ನಕ್ಕಿತು, ಓಬಳೆಪ್ಪನೂ ಕಣ್ಣೊರೆಸಿಕೊಂಡು ನಕ್ಕ. ನಾನು ಮೂರು ತಿಂಗಳು ಜೋಪಾನ ಮಾಡಿದ್ದ ಮಾತನ್ನು ಅವನೇ ಆಡಿ ಮುಗಿಸಿದ್ದ. ಅವನು ನನ್ನ ಕಡೆ ತಿರುಗಿದ.

“ಅಕ್ಕಾ, ನೀವು ಇಷ್ಟು ಓದಿದಾಕಿ, ನಿಮಗೂ ಗೊತ್ತಾಗಲಿಲ್ಲೇನ್ರಿ?”

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ನಾಲ್ಕನೇ ತರಗತಿಯವನು ಎಲ್ಲರೆದುರು ನನಗೆ ಗೊತ್ತಾಗಲಿಲ್ಲ ಎನ್ನುವುದೆಂದರೇನು?

“ನನಗ ದೀಪಾವಳಿಗೇ ಗೊತ್ತಿತ್ತು,” ಎಂದೆ.

ನಗು ನಿಂತಿತು. ಹಸನಬೀ ವೈರು ಬಿಟ್ಟು ನನ್ನನ್ನು ನೋಡಿದಳು. ಸಿಟ್ಟಾಗಲಿಲ್ಲ.

“ಒಂಬತ್ತು ದಿನ ನಿಮ್ಮ ಕಟ್ಟಿ ಮ್ಯಾಲ ಕುಂತಿದ್ನಲ್ರಿ ಅಕ್ಕೋರ,” ಎಂದಳು.

ಸಾಹುಕಾರರು ಮಿಲ್ಲು ಶುರು ಮಾಡಲು ಹೇಳಿದರು. ನಾನು ಆ ಸೀರೆಯಲ್ಲೇ ಶಾಲೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟೆ.

ಟಿಪ್ಪುಸಾಬ ಏಪ್ರಿಲ್‌ನಲ್ಲಿ ಊರುಗೋಲು ಹಿಡಿದು ಬಂದ. ಈಗ ಅವನೂ ಓಬಳೆಪ್ಪನೂ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಮಲಯಾಳದಲ್ಲಿ ಹರಟುತ್ತಾರೆ, ನಾಚಿಕೆ ಎಂಬುದೇ ಇಲ್ಲ. ಆ ವರ್ಷ ರಮಜಾನಿಗೆ ಸುರಕುಂಬ ಹಾಕಿಸಿಕೊಳ್ಳಲು ನಾನು ಬೆಳಿಗ್ಗೆಯೇ ಒಂದು ಖಾಲಿ ಡಬ್ಬಿ ತೊಳೆದಿಟ್ಟಿದ್ದೆ. ಹಸನಬೀ ತಟ್ಟೆಯಲ್ಲಿ ಬಟ್ಟಲುಗಳನ್ನಿಟ್ಟುಕೊಂಡು ಬಂದಳು. ನನ್ನನ್ನು ದಾಟಿ ಒಳಗೆ ಹೋಗಿ, ಓಬಳೆಪ್ಪನ ಕೈಗೆ ಒಂದು ಬಟ್ಟಲು ಕೊಟ್ಟು, ಅದು ಖಾಲಿಯಾಗುವವರೆಗೆ ನಿಂತಿದ್ದು, ಬರಿ ಬಟ್ಟಲನ್ನು ತಿರುಗಿ ಒಯ್ದಳು.