ಸುಟ್ಟ ಪೈಪಿನ ಮುಂದೆ ಸ್ಯಾಮ್ಸನ್ ಸರ್

ಹುಬ್ಬಳ್ಳಿ-ಧಾರವಾಡದ ಡೀಸೆಲ್ ಕಾರುಗಳಿಗೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಬಂದ ಮೊದಲ ವರ್ಷಗಳಲ್ಲಿ, ಎಳೆತ ಕಡಿಮೆಯಾದರೂ ಹೊಗೆ ಹೆಚ್ಚಾದರೂ ಇಡೀ ಟರ್ಬೊವನ್ನೇ ಬದಲಿಸಿಬಿಡುವವರ ನಡುವೆ, ಮೊದಲು ಅದರ ಗಾಳಿಯನ್ನು ಹಿಡಿತದಲ್ಲಿಡುವ ಸಣ್ಣ ಭಾಗಗಳನ್ನು ಪರೀಕ್ಷಿಸಬೇಕೆಂದು ಹಟ ಹಿಡಿದವರು ಮಾನ್ಯ ಶ್ರೀ ಸ್ಯಾಮ್ಸನ್ ಅವರು. ದೇಶಪಾಂಡೆ ನಗರದ ಗ್ಯಾರೇಜಿನ ಹೆಡ್ ಮೇಸ್ತ್ರಿಯಾಗಿ ಈಗ ನಿವೃತ್ತರಾಗುತ್ತಿರುವ ಅವರ ಅಭಿನಂದನಾ ಪುಸ್ತಕಕ್ಕೆ, ಏಳನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಬರೆಯುವುದು ಉದ್ಧಟತನವಾದೀತು. ಆದರೆ ಉಳಿದವರು ಅವರ ಶಿಸ್ತನ್ನಷ್ಟೇ ಹೊಗಳಿ ಮುಗಿಸುತ್ತಾರೆಂಬ ಸಿಟ್ಟು ನನ್ನಿಂದ ಬರೆಸುತ್ತಿದೆ.

ಜಗಳಗಂಟನೆಂದು ಎರಡು ಕಡೆ ಕೆಲಸ ಕಳೆದುಕೊಂಡಿದ್ದ ನನ್ನನ್ನು 1998ರಲ್ಲಿ ಅವರು ಸೇರಿಸಿಕೊಂಡರು. ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಪಾಲು ಕೊಟ್ಟರು. ಟರ್ಬೊದ ಒತ್ತಡ ಮಿತಿ ಮೀರಿದಾಗ ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲು ತೆರೆಯಬೇಕು. ಅದನ್ನು ತೆರೆಯುವ ರಾಡು ಆಡಬೇಕಾದರೆ ತೆಳುವಾದ ರಬ್ಬರ್ ಪೈಪಿನಿಂದ ಗಾಳಿ ಬರಬೇಕು. ಆ ರಾಡನ್ನು ಕೈಪಂಪಿನಿಂದ ಆಡಿಸಿ ನೋಡುವುದನ್ನೂ ಪೈಪನ್ನು ಬಗ್ಗಿಸಿ ಬಿರುಕು ಹುಡುಕುವುದನ್ನೂ ಅವರೇ ಕಲಿಸಿದರು. ನಾನು ಒರಟಾಗಿ ಎಳೆದರೆ, "ಹನಮೇಶ, ಅದು ಎತ್ತಿನ ಹಗ್ಗ ಅಲ್ಲೋ, ಸಾವಕಾಶ" ಎನ್ನುತ್ತಿದ್ದರು.

2004ರ ಬೇಸಿಗೆಯಲ್ಲಿ ಗುರುಶಿದ್ದಪ್ಪ ಸಾಹುಕಾರರ ಕಾರು ಎಂಜಿನ್ನಿನ ಗ್ಯಾಸ್ಕೆಟ್ ಒಡೆದು, ಇನ್ನೊಂದು ಗಾಡಿಗೆ ಕಟ್ಟಿಸಿಕೊಂಡು ಬಂತು. ಸಾಹುಕಾರರು ಚಾಲಕ ಯಮನಪ್ಪನ ಮೇಲೆ ಹರಿಹಾಯ್ದರು. "ವಿಮಾನ ಹೊಡದಂಗ ಹೊಡೀತಾನ್ರಿ ಇವ. ಕೀಲಿ ಇಟ್ಟು ಮನೀಗೆ ಹೋಗಲೇ."

"ಅರವತ್ತು ದಾಟಿಸಿಲ್ರಿ ಯಜಮಾನ್ರ" ಎಂದ ಯಮನಪ್ಪನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ಯಾಮ್ಸನ್ ಸರ್ ಪೈಪು ಬಿಚ್ಚಿ, ನೇರವಾಗಿ ರಾಡಿಗೇ ಕೈಪಂಪು ಹಚ್ಚಿದರು. ರಾಡು ಸರಾಗವಾಗಿ ಆಡಿತು. ಪೈಪಿನ ಮೂಲಕ ಗಾಳಿ ಬಿಟ್ಟಾಗ ಅಲುಗಲಿಲ್ಲ. ಬಿಸಿ ಟರ್ಬೊಗೆ ತಾಗಿ ಪೈಪು ಸುಟ್ಟು ಸೀಳಿತ್ತು. ಅದರಿಂದ ಬಾಗಿಲು ತೆರೆಯದೆ, ಒತ್ತಡವೆಲ್ಲ ಎಂಜಿನ್ನಿಗೇ ನುಗ್ಗಿತ್ತು. ಪೈಪು ಹೊಸದು, ಹಿಂದಿನ ಸರ್ವಿಸಿನಲ್ಲಿ ನಮ್ಮಲ್ಲೇ ಹಾಕಿದ್ದು. ಸುಮ್ಮನಿರುವಂತೆ ಗ್ಯಾರೇಜಿನ ಮಾಲೀಕರು ಕಣ್ಣಲ್ಲೇ ಸೂಚಿಸಿದರು.

"ಸಾಹುಕಾರ್ರ, ಇವಗ ಬೈಬ್ಯಾಡ್ರಿ. ಈ ಪೈಪ್ ಕೂಡಿಸಿದಾವ ನಾನ. ಬಿಸಿಗೆ ತಾಗದಂಗ ಕ್ಲಿಪ್ ಹಾಕೋದು ಮರತೇನಿ" ಎಂದರು ಸರ್.

ಸಾಹುಕಾರರು ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಡೆಗೆ, ಯಮನಪ್ಪನ ಮುಖ ನೋಡದೆಯೇ, "ಕೀಲಿ ನಿನ್ನ ಕಡೇನ ಇರಲಿ" ಎಂದರು.

ಅದರ ಬೆಲೆ ತೆತ್ತವರು ಸ್ಯಾಮ್ಸನ್ ಸರ್. ಮಾಲೀಕರು ಅವರನ್ನು ಹೆಡ್ ಮೇಸ್ತ್ರಿಯ ಸ್ಥಾನದಿಂದ ಇಳಿಸಿದರು. ಆ ಸ್ಥಾನ ಮತ್ತೆ ಸಿಗುವವರೆಗೆ, ತಾವೇ ಕಲಿಸಿದವನೊಬ್ಬನ ಕೈಕೆಳಗೆ ಒಂದು ವರ್ಷ ದುಡಿದರು. ಅವರನ್ನು ಇಳಿಸಿದ ದಿನವೇ ನಾನು ನಟ್ಟು ಬಿಚ್ಚುವ ಪಾನಾ ಎಸೆದು ಹೊರಟಾಗ ರಟ್ಟೆ ಹಿಡಿದು ನಿಲ್ಲಿಸಿ, "ನೀ ಹೋದರ ಯಮನಪ್ಪನ ಗಾಡಿ ಯಾರು ಜೋಡಸ್ತಾರ? ಮೊದಲ ಕ್ಲಿಪ್ ಹಾಕು, ಆಮ್ಯಾಲ ಸಿಟ್ಟಾಗಂತಿ" ಎಂದರು. ಹಾಕಿದೆ. ಸಿಟ್ಟು ಹೋಗಲಿಲ್ಲ.

ಇಂದು ಅದೇ ಮಾಲೀಕರು ಅವರಿಗೆ ಶಾಲು ಹೊದಿಸಲಿದ್ದಾರೆ, ಹೊದಿಸಲಿ. ಆ ವರ್ಷವೂ ಈ ಪುಸ್ತಕದಲ್ಲಿ ಇರಬೇಕು, ಅಷ್ಟೇ. ಬೆಂಗೇರಿಯಲ್ಲಿ ನಾನು ತೆರೆದಿರುವ ಶೆಡ್ಡಿಗೆ ಬರಲು ಸರ್ ಒಪ್ಪಿದ್ದಾರೆ. ಕೈಯಲ್ಲಿ ಕಸುವು, ಕಣ್ಣಲ್ಲಿ ಬೆಳಕು ಮಾಸದೆ ಅವರು ಬಹುಕಾಲ ನಮ್ಮ ನಡುವೆ ದುಡಿಯುತ್ತಿರಲಿ. ನಾನು ಕೂಡಿಸಿದ ಪೈಪುಗಳನ್ನು ಎಳೆದು ನೋಡಲಿ. ತಪ್ಪಿದ್ದರೆ ಗಿರಾಕಿಯ ಎದುರಿಗೇ ಹೇಳಲಿ. ನನಗೆ ಸಿಟ್ಟು ಬರುತ್ತದೆ. ಬಂದರೂ ಹೇಳಲಿ.